ಚಾವಡಿಯೇ ಟಾಕೀಸು

ಉಪ್ಪಿನಂಗಡಿಯಿಂದ ಕಡಬದ ಕಡೆಗೆ ಹೊರಟರೆ ಆತೂರು, ಕೊಯಿಲದ ಬಳಿಕ ರಾಮಕುಂಜ ಸಿಗುತ್ತದೆ. ಹಿಂದೆ ಪುತ್ತೂರು ತಾಲ್ಲೂಕಿನ ಗ್ರಾಮ, ಈಗ ಕಡಬ ತಾಲ್ಲೂಕಿನದು. ರಾಮಕುಂಜೇಶ್ವರ ದೇವಸ್ಥಾನ, ಆ ಹೆಸರಿನ ವಿದ್ಯಾಸಂಸ್ಥೆಗಳು, ಪೇಜಾವರದ ವಿಶ್ವೇಶತೀರ್ಥರು 1931ರಲ್ಲಿ ಹುಟ್ಟಿದ ಊರೆಂಬ ಹೆಮ್ಮೆ, ಇಷ್ಟು ಹೊರಗಿನವರಿಗೂ ಗೊತ್ತು. ಊರು ಅಂದರೆ ಬೀದಿಯ ಎರಡೂ ಬದಿಗೆ ಸಾಲುಮನೆ ಎಂದು ಬಯಲುಸೀಮೆಯವರು ತಿಳಿಯುತ್ತಾರೆ. ಇಲ್ಲಿ ಹಾಗಿಲ್ಲ. ಒಂದು ಗುಡ್ಡ, ಗುಡ್ಡದ ಬುಡದಲ್ಲಿ ಕಂಗಿನ, ಅಂದರೆ ಅಡಿಕೆಯ, ತೋಟ, ತೋಟದ ತಲೆಯಲ್ಲಿ ಒಂದು ಮನೆ. ಮುಂದಿನ ಮನೆಗೆ ತೋಡು ದಾಟಿ ಇನ್ನೊಂದು ಗುಡ್ಡ ಏರಬೇಕು. ಇಲ್ಲಿನವರು ಯಾವ ಸಿನಿಮಾ ನೋಡಿದರು, ಯಾವಾಗ ನೋಡಿದರು, ಯಾರ ಜೊತೆ ಕೂತು ನೋಡಿದರು ಎಂಬುದನ್ನೆಲ್ಲ ನಿರ್ಧರಿಸಿದ್ದು ಈ ಗುಡ್ಡಗಳೇ. ಅದಕ್ಕೇ ನೆಲದ ಮಾತನ್ನು ಮೊದಲು ಹೇಳಿದೆ.

ಟಾಕೀಸು ಬೇಕಿದ್ದರೆ ಪುತ್ತೂರಿಗೆ ಹೋಗಬೇಕು. ಸುಳ್ಯದಲ್ಲೂ ಇತ್ತು, ಆದರೆ ಅದು ಇನ್ನೊಂದು ದಿಕ್ಕು. ಮ್ಯಾಟಿನಿ ಮುಗಿಸಿ ಬಸ್ಸು ಹಿಡಿದು, ಇಳಿದಲ್ಲಿಂದ ತೋಟದ ದಾರಿಯಲ್ಲಿ ನಡೆದು ಮನೆ ಸೇರುವಾಗ ಕತ್ತಲೆ. ಸೆಕೆಂಡ್ ಶೋ ಅಂತೂ ಕನಸಿನ ಮಾತು, ವಾಪಸು ಬರಲು ಬಸ್ಸೇ ಇಲ್ಲ. ಹಟ್ಟಿಯಲ್ಲಿ ಹಾಲು ಕರೆಯುವ ದನ ಇದ್ದ ಮನೆಯ ಹೆಂಗಸರಿಗೆ ಮ್ಯಾಟಿನಿಯೂ ಆಗುತ್ತಿರಲಿಲ್ಲ. ಹಾಗಾಗಿ ಇಲ್ಲಿನ ಒಂದಿಡೀ ತಲೆಮಾರಿಗೆ ಸಿನಿಮಾ ಅಂದರೆ ರೇಡಿಯೋದಲ್ಲಿ ಕೇಳಿದ ಹಾಡು, ವಾರಪತ್ರಿಕೆಯಲ್ಲಿ ನೋಡಿದ ಚಿತ್ರ, ಜಾತ್ರೆಗೆ ಹೋದಾಗ ಗೋಡೆಯ ಮೇಲೆ ಕಂಡ ಪೋಸ್ಟರು. 1976ರ ಡಿಸೆಂಬರಿನಲ್ಲಿ ಮಂಗಳೂರು ಆಕಾಶವಾಣಿ ಶುರುವಾದ ಮೇಲೆ ಹಾಡುಗಳು ಇನ್ನಷ್ಟು ಹತ್ತಿರವಾದವು. ‘ಬಂಗಾರದ ಮನುಷ್ಯ’ 1972ರಲ್ಲಿ ತೆರೆಕಂಡು ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು. ಅದರ ಹಾಡುಗಳನ್ನು ಬಾಯಿಪಾಠ ಮಾಡಿಕೊಂಡ ಎಷ್ಟೋ ಮಂದಿ ಇಲ್ಲಿ ಆ ಚಿತ್ರವನ್ನು ನೋಡಿದ್ದು ಹದಿನೈದು ಇಪ್ಪತ್ತು ವರ್ಷಗಳ ನಂತರ, ಅದೂ ಮನೆಯ ಚಾವಡಿಯಲ್ಲಿ ಕೂತು.

ಹಾಗೆಂದು ಈ ಸೀಮೆ ಸಿನಿಮಾಕ್ಕೆ ಹೊರತಾದದ್ದಲ್ಲ. ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು 1930ರ ಹೊತ್ತಿಗೇ ‘ಡೊಮಿಂಗೋ’, ‘ಭೂತರಾಜ್ಯ’ ಎಂಬ ಮೂಕಿಚಿತ್ರಗಳಿಗೆ ಕೈಹಾಕಿದ್ದರು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬಂದದ್ದು 1934ರಲ್ಲಿ. ಕಾರಂತರು ಅದಕ್ಕಿಂತ ಮುಂದಿದ್ದರು. ತುಳುವಿನ ಮೊದಲ ಚಿತ್ರ ‘ಎನ್ನ ತಂಗಡಿ’ 1971ರಲ್ಲಿ ಬಂತು, ಎರಡು ವರ್ಷಕ್ಕೆ ‘ಕೋಟಿ ಚೆನ್ನಯ’. ಕೋಟಿ ಚೆನ್ನಯರು ಹುಟ್ಟಿದ ಪಡುಮಲೆ ಪುತ್ತೂರಿನದೇ, ಅವರ ಕಥೆಯ ಎಣ್ಮೂರು ಆಗ ಸುಳ್ಯದ್ದು. ಕಥೆ ನಮ್ಮದು, ಭಾಷೆ ನಮ್ಮದು, ನೋಡಬೇಕಾದರೆ ಮಾತ್ರ ಪೇಟೆಗೆ ಹೋಗಬೇಕು.

ಟಿವಿ ಕರ್ನಾಟಕಕ್ಕೆ ಮೊದಲು ಬಂದ ದಾರಿಯೇ ಬೇರೆ. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಸೈಟ್ ಎಂಬ ಉಪಗ್ರಹ ಟಿವಿ ಪ್ರಯೋಗದಲ್ಲಿ, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ, ಆರು ರಾಜ್ಯಗಳ 2,400 ಹಳ್ಳಿಗಳು ಟಿವಿ ಕಂಡವು. ಕರ್ನಾಟಕದ ಪಾಲಿಗೆ ಅದು ಗುಲ್ಬರ್ಗ, ರಾಯಚೂರು, ಬಿಜಾಪುರದ ಹಳ್ಳಿಗಳಿಗೆ ದಕ್ಕಿತು. ಕರಾವಳಿಗೆ ಇಲ್ಲ. 1981ರಲ್ಲಿ ಬೆಂಗಳೂರು ದೂರದರ್ಶನ ಆರಂಭವಾಯಿತು. 1982ರ ಆಗಸ್ಟ್ 15ರಂದು ಬಣ್ಣ ಬಂತು, ನವೆಂಬರಿನಲ್ಲಿ ಏಷ್ಯಾಡ್ ಬಂತು. 1983ರ ಆಗಸ್ಟಿನಲ್ಲಿ ಇನ್ಸಾಟ್-1ಬಿ ಮೇಲೇರಿತು. ಅದನ್ನು ನೆಚ್ಚಿಕೊಂಡು 1984ರಲ್ಲಿ ಕೆಲವು ತಿಂಗಳ ಕಾಲ ದೇಶದಲ್ಲಿ ಹೆಚ್ಚುಕಡಿಮೆ ದಿನಕ್ಕೊಂದರಂತೆ ಕಡಿಮೆ ಶಕ್ತಿಯ ಮರುಪ್ರಸಾರ ಕೇಂದ್ರಗಳನ್ನು ನಿಲ್ಲಿಸಿದರು. ಅವು ಹರಡುತ್ತಿದ್ದ ಸಂಕೇತ ಸುತ್ತಲಿನ ಹದಿನೈದು ಇಪ್ಪತ್ತು ಕಿಲೋಮೀಟರಿಗೆ ಸಾಕು. ಮಂಗಳೂರಿನ ಸಂಕೇತ ಹಿಡಿಯಬೇಕಾದ ರಾಮಕುಂಜ ಆ ಲೆಕ್ಕದ ಆಚೆ, ನಡುವೆ ಒಂದರ ಹಿಂದೊಂದು ಗುಡ್ಡ. ಟಿವಿಯ ಅಲೆಗಳು ನೇರ ಹೋಗುತ್ತವೆ, ಗುಡ್ಡವನ್ನು ಬಳಸಿ ಬರುವ ಗುಣ ಅವಕ್ಕೆ ತೀರ ಕಡಿಮೆ.

ಹಾಗಾಗಿ ಮನುಷ್ಯರೇ ಅಲೆಗಳನ್ನು ಹುಡುಕಿಕೊಂಡು ಮೇಲೆ ಹತ್ತಿದರು. ತೋಟದ ನಡುವಿನ ಮನೆಯಲ್ಲಿ ಚಿತ್ರ ಬರುವುದಿಲ್ಲ. ಮನೆಯ ಹಿಂದಿನ ಗುಡ್ಡದ ನೆತ್ತಿಯಲ್ಲಿ ಬರುತ್ತದೆ. ಅಲ್ಲಿ ಕಬ್ಬಿಣದ ಪೈಪು ನೆಟ್ಟು, ಪೈಪಿನ ತುದಿಗೆ ಮೀನಿನ ಮುಳ್ಳಿನ ಆಕಾರದ ಆಂಟೆನಾ ಕಟ್ಟಿ, ಅದಕ್ಕೊಂದು ಬೂಸ್ಟರ್ ಕೊಟ್ಟು, ಮರದಿಂದ ಮರಕ್ಕೆ ವಯರು ಎಳೆದು ಚಾವಡಿಗೆ ತರುತ್ತಿದ್ದರು. ಪೈಪು ಇಲ್ಲದವರು ಉದ್ದದ ಕಂಗಿನ ಮರಕ್ಕೇ ಕಟ್ಟಿದರು. ಗಾಳಿಗೆ ಕಂಗು ಓಲಾಡಿದರೆ ತೆರೆಯ ಮೇಲಿನ ನಾಯಕನೂ ಓಲಾಡುತ್ತಿದ್ದ. ಒಬ್ಬ ಮರದ ಬುಡದಲ್ಲಿ, ಒಬ್ಬ ಅಂಗಳದಲ್ಲಿ, ಒಬ್ಬ ಟಿವಿಯ ಮುಂದೆ. “ಬಂತಾ?” ಎಂದು ಮೇಲಿನಿಂದ ಕೂಗು. “ಚೂರು ಬಂತು, ಇನ್ನೂ ಸ್ವಲ್ಪ ಬಲಕ್ಕೆ ತಿರುಗಿಸು ಮಾರಾಯ,” ಎಂದು ಒಳಗಿನಿಂದ. ಅಂಗಳದವನು ಅದನ್ನೇ ಮೇಲಕ್ಕೆ ದಾಟಿಸಬೇಕು. “ಸಾಕು, ಸಾಕು! ಹೋಯಿತಲ್ಲ, ಮೊದಲಿನ ಹಾಗೆಯೇ ಇಡು!” ಹೀಗೆ ಹಿಡಿದು ತಂದ ಚಿತ್ರದಲ್ಲಿ ಚುಕ್ಕಿಗಳು ಇದ್ದೇ ಇರುತ್ತಿದ್ದವು. ಮುಖ ಗುರುತು ಸಿಕ್ಕಿದರೆ ಸಾಕು, ಉಳಿದದ್ದನ್ನು ಕಿವಿ ತುಂಬಿಕೊಳ್ಳುತ್ತಿತ್ತು.

ಸಿಡಿಲು ದೊಡ್ಡ ಶತ್ರು. ಏಪ್ರಿಲ್ ಮೇ ತಿಂಗಳ ಸಂಜೆ, ಮತ್ತೆ ತುಲಾಮಾಸದ ಹೊತ್ತಿಗೆ ಈ ಸೀಮೆಯಲ್ಲಿ ಬೀಳುವ ಸಿಡಿಲು ಆಂಟೆನಾದ ದಾರಿಯಲ್ಲೇ ಮನೆಯೊಳಗೆ ಬರುತ್ತದೆ. ಗುಡ್ಡದ ನೆತ್ತಿಯ ಪೈಪು ಅದಕ್ಕೆ ಮೊದಲ ಗುರಿ. ಪೂರ್ವದಲ್ಲಿ ಗುಡುಗು ಕೇಳಿದೊಡನೆ ಮನೆಯ ಹಿರಿಯರು ವಯರು ಕಿತ್ತು ಕಿಟಕಿಯಿಂದ ಹೊರಗೆ ಎಸೆಯಲು ಹೇಳುತ್ತಿದ್ದರು. ಸಿನಿಮಾದ ಕಡೆಯ ಅರ್ಧ ಗಂಟೆ ಎಷ್ಟು ಸಲ ಹಾಗೆ ಮಳೆಯ ಪಾಲಾಗಿದೆಯೋ! ಹತ್ತಾರು ಹಳೆಯ ಚಿತ್ರಗಳ ಮೊದಲ ಭಾಗ ಮಾತ್ರ ಗೊತ್ತಿರುವ ಜನ ಇಲ್ಲಿ ಈಗಲೂ ಇದ್ದಾರೆ. ಮಳೆ ಇಲ್ಲದ ದಿನ ಕರೆಂಟು ಕೈಕೊಡುತ್ತಿತ್ತು. ಕರೆಂಟು ಇದ್ದರೂ ಸಂಜೆಯ ವೋಲ್ಟೇಜಿಗೆ ಟಿವಿ ಹೊತ್ತುವುದಿಲ್ಲ, ಸ್ಟೆಬಿಲೈಸರ್ ಬೇಕು. ಭಾಗ್ಯಜ್ಯೋತಿ ಯೋಜನೆಯ ಒಂದೇ ಬಲ್ಬಿನ ಮನೆಗಳಿಗೆ ಟಿವಿಯ ಮಾತೇ ಇರಲಿಲ್ಲ. ಬ್ಯಾಟರಿಯಲ್ಲಿ ಓಡುವ ಸಣ್ಣ ಕಪ್ಪುಬಿಳುಪು ಟಿವಿ ಅದಕ್ಕೇ ಇಲ್ಲಿ ಹೆಚ್ಚು ಉಪಯೋಗಕ್ಕೆ ಬಂತು. ಜೀಪಿನ ಬ್ಯಾಟರಿ ಬಿಚ್ಚಿ ತಂದು ಚಾವಡಿಯಲ್ಲಿಟ್ಟರೆ ಆವತ್ತಿನ ಸಿನಿಮಾ ಗಟ್ಟಿ.

ಇಷ್ಟೆಲ್ಲ ಮಾಡಿ ಹಿಡಿದ ಸಂಕೇತದಲ್ಲಿ ಏನು ಬರುತ್ತಿತ್ತು? ಮರುಪ್ರಸಾರ ಕೇಂದ್ರಗಳು ಮೊದಮೊದಲು ದೆಹಲಿಯಿಂದ ಬಂದದ್ದನ್ನೇ ಹರಡುತ್ತಿದ್ದವು. ಅಂದರೆ ಹಿಂದಿ. ಮನೆಯಲ್ಲಿ ತುಳು, ಹವ್ಯಕ ಕನ್ನಡ, ಬ್ಯಾರಿ, ಅರೆಭಾಷೆ ಆಡುವವರು, ಶಾಲೆಯಲ್ಲಿ ಪುಸ್ತಕದ ಕನ್ನಡ ಕಲಿತವರು, ಭಾನುವಾರದ ಹಿಂದಿ ಸಿನಿಮಾಕ್ಕೆ ಕಾದು ಕೂತರು. ದೂರದರ್ಶನಕ್ಕೆ ಹೊಸ ಚಿತ್ರಗಳು ಸುಲಭದಲ್ಲಿ ಸಿಗುತ್ತಿರಲಿಲ್ಲ, ಹಳೆಯವು ಸಿಗುತ್ತಿದ್ದವು. ಅದು ನಮ್ಮ ಪುಣ್ಯ ಎಂದೇ ನಾನು ಹೇಳುತ್ತೇನೆ. ಬಿಮಲ್ ರಾಯ್, ರಾಜ್ ಕಪೂರ್, ಗುರುದತ್ತರ ಕಪ್ಪುಬಿಳುಪು ಚಿತ್ರಗಳು ಕಪ್ಪುಬಿಳುಪು ಟಿವಿಯಲ್ಲಿ ಏನೂ ಕಳೆದುಕೊಳ್ಳದೆ ಬಂದವು. ಹಿಂದಿ ಬಾರದ ಅಜ್ಜಿಗೆ ಮೊಮ್ಮಗಳು ಕಥೆ ಹೇಳಬೇಕು. ಮೊಮ್ಮಗಳಿಗೂ ಹಿಂದಿ ಅಷ್ಟಕ್ಕಷ್ಟೇ. ಅವಳು ಹೇಳಿದ ಕಥೆ ಒಂದಾದರೆ ತೆರೆಯ ಮೇಲಿನದು ಇನ್ನೊಂದಾಗಿರುತ್ತಿತ್ತು, ಆದರೂ ಅಳುವಲ್ಲಿ ಎಲ್ಲರೂ ಅಳುತ್ತಿದ್ದರು.

ಭಾನುವಾರ ಮಧ್ಯಾಹ್ನದ ಕಥೆ ಬೇರೆ. 1987ರಿಂದ ಶುರುವಾದ ಶ್ರವಣದೋಷವುಳ್ಳವರ ವಾರ್ತೆ, ಅದರ ಹಿಂದೆಯೇ ಪ್ರಾದೇಶಿಕ ಭಾಷೆಯ ಚಿತ್ರ. ಅಸ್ಸಾಮಿ, ಬಂಗಾಳಿ, ಗುಜರಾತಿ ಎಂದು ಭಾಷೆಗಳಿಗೆ ಸರದಿ. ಹೆಚ್ಚಿನವು ಪ್ರಶಸ್ತಿ ಪಡೆದ ಚಿತ್ರಗಳು, ನಿಧಾನದವು. ಊಟ ಮುಗಿದ ಹೊತ್ತು, ಚಾವಡಿಯಲ್ಲಿ ಅರ್ಧ ಜನ ನಿದ್ದೆ. ಕನ್ನಡದ ಸರದಿ ಬರಲು ವಾರಗಟ್ಟಲೆ ಕಾಯಬೇಕಿತ್ತು. ಬಂದಾಗ ಮಾತ್ರ ಮನೆಯಲ್ಲಿ ಯಾರೂ ಮಲಗುತ್ತಿರಲಿಲ್ಲ. ಕನ್ನಡದ ಹೊಸ ಅಲೆಯ ಚಿತ್ರಗಳನ್ನು ಬೆಂಗಳೂರಿನಲ್ಲಿ ಕಂಡವರಿಗಿಂತ ಹೀಗೆ ಟಿವಿಯಲ್ಲಿ ಕಂಡ ಹಳ್ಳಿಗರೇ ಹೆಚ್ಚಿರಬೇಕೆಂದು ನನಗೆ ಅನ್ನಿಸುತ್ತದೆ. ‘ಸಂಸ್ಕಾರ’, ‘ಘಟಶ್ರಾದ್ಧ’, ‘ತಬರನ ಕಥೆ’, ಮೂರೂ ಸ್ವರ್ಣಕಮಲ ಪಡೆದ ಚಿತ್ರಗಳು. ಪುತ್ತೂರು, ಸುಳ್ಯದಂಥ ಪೇಟೆಗಳಲ್ಲಿ ಇಂಥವು ಓಡುವುದು ಕಷ್ಟವೇ.

ಈ ಸಾಲಿನಲ್ಲಿ ‘ಚೋಮನ ದುಡಿ’ಯನ್ನು ಬೇರೆಯಾಗಿ ಹೇಳಬೇಕು. ಕಾರಂತರು 1933ರಲ್ಲಿ ಪ್ರಕಟಿಸಿದ ಕಾದಂಬರಿ. ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ ಹುಟ್ಟಿದ ಬಿ.ವಿ. ಕಾರಂತರು ಅದನ್ನು 1975ರಲ್ಲಿ ಚಿತ್ರ ಮಾಡಿದರು. ಚಿತ್ರಕ್ಕೆ ಸ್ವರ್ಣಕಮಲ, ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿ. ಬೇಸಾಯಕ್ಕೆ ತುಂಡು ಭೂಮಿ ಬೇಕೆಂದು ಧಣಿಗಳ ಅಂಗಳದಲ್ಲಿ ಕೈಮುಗಿದು ನಿಲ್ಲುವ ಹೊಲೆಯನ ಕಥೆ ಅದು, ಈ ನೆಲದ್ದೇ ಕಥೆ. ಈಗ ಆ ಕಾಲದ ಟಿವಿ ಇದ್ದ ಮನೆಯನ್ನು ನೆನೆಯಿರಿ. ಸುತ್ತಲಿನ ಹತ್ತು ಮನೆಗೆ ಒಂದು ಟಿವಿ. ಮನೆಯವರು ಚಾವಡಿಯ ಒಳಗೆ, ನೆಂಟರು ಬೆಂಚಿನ ಮೇಲೆ, ಒಕ್ಕಲು ಮಕ್ಕಳು ಜಗಲಿಯಲ್ಲಿ, ತೋಟದ ಕೆಲಸದವರು ಅಂಗಳದಲ್ಲಿ, ಕಿಟಕಿಯ ಸರಳಿನ ಹೊರಗೆ. ಕೂರುವ ಜಾಗ ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತಿತ್ತು. ಟಿವಿ ಬಂದದ್ದರಿಂದ ಎಲ್ಲರೂ ಒಂದೆಡೆ ಸೇರಿದರು ಎಂದು ಈಗ ಹಲವರು ಅಕ್ಕರೆಯಿಂದ ಬರೆಯುತ್ತಾರೆ. ಸೇರಿದ್ದು ನಿಜ. ಅಂಗಳಕ್ಕೂ ಚಾವಡಿಗೂ ನಡುವೆ ಮೆಟ್ಟಿಲು ಇದ್ದದ್ದೂ ನಿಜ. ಚೋಮ ನಿಂತ ಜಾಗದಲ್ಲೇ ನಿಂತು ಚೋಮನನ್ನು ನೋಡಿದವರು ಈ ಸೀಮೆಯಲ್ಲಿ ಇದ್ದರು. ಅವರಿಗೆ ಆವತ್ತು ಏನು ಅನ್ನಿಸಿತೆಂದು ಕೇಳಿ ಬರೆದಿಡದ ಬರೆಹಗಾರರಲ್ಲಿ ನಾನೂ ಸೇರಿದ್ದೇನೆಂಬ ಸಂಕಟ ನನಗಿದೆ.

ಈ ಮೆಟ್ಟಿಲು ಹೆಚ್ಚು ದಿನ ಉಳಿಯಲಿಲ್ಲ. ಅದಕ್ಕೆ ಟಿವಿಗಿಂತ ಹಿಂದಿನ ಕಾರಣವಿದೆ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ, ಗೇಣಿ ಪದ್ಧತಿ ಬಲವಾಗಿದ್ದ ದಕ್ಷಿಣ ಕನ್ನಡದಲ್ಲಿ ಸಾವಿರಾರು ಒಕ್ಕಲುಗಳು ತಮ್ಮ ಗೇಣಿಯ ಭೂಮಿಗೆ ತಾವೇ ಒಡೆಯರಾದರು. 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಅಡಿಕೆಗೆ ಒಂದು ನೆಲೆ ಕೊಟ್ಟಿತು, ಪುತ್ತೂರಿನ ಕೆಮ್ಮಿಂಜೆಯಲ್ಲಿ 1986ರಲ್ಲಿ ಅದರ ಚಾಕೊಲೇಟ್ ಕಾರ್ಖಾನೆಯೂ ಬಂತು. ನಿನ್ನೆಯವರೆಗೆ ಜಗಲಿಯಲ್ಲಿ ಕೂತವರು ಗದ್ದೆಯನ್ನು ತೋಟ ಮಾಡಿದರು, ಐದಾರು ವರ್ಷದಲ್ಲಿ ಫಸಲು ಕಂಡರು, ತಮ್ಮದೇ ಚಾವಡಿಗೆ ಟಿವಿ ತಂದರು. ಆತೂರು, ಉಪ್ಪಿನಂಗಡಿ ಕಡೆಯ ಬ್ಯಾರಿ ಮನೆಗಳಿಗೆ ಗಲ್ಫಿನಿಂದ ಟಿವಿಯೂ ವಿಸಿಆರೂ ಬಂದವು. ಪೇಟೆಯಲ್ಲಿ ವಿಸಿಪಿ ಬಾಡಿಗೆಗೆ ಸಿಗತೊಡಗಿದ ಮೇಲೆ ಮದುವೆಯ ಮರುದಿನ, ಭಜನಾ ಮಂದಿರದ ವಾರ್ಷಿಕೋತ್ಸವದ ರಾತ್ರಿ, ಮೂರು ಕ್ಯಾಸೆಟ್ಟು ತಂದು ಬೆಳಗಿನವರೆಗೆ ನೋಡುವ ರೂಢಿ ಬೆಳೆಯಿತು. ಮೊದಲು ಒಂದು ಭಕ್ತಿಯ ಚಿತ್ರ, ಆಮೇಲೆ ರಾಜಕುಮಾರ್, ನಡುರಾತ್ರಿ ಕಳೆದ ಮೇಲೆ ಹೊಡೆದಾಟದ್ದು. ರಾತ್ರಿಯಿಡೀ ಕೂತು ನೋಡುವ ಶಕ್ತಿ ಈ ಜನಕ್ಕೆ ಹೊಸದಲ್ಲ. ಅದನ್ನು ಅವರು ಯಕ್ಷಗಾನದಿಂದ, ಇಲ್ಲಿನವರ ಬಾಯಲ್ಲಿ ‘ಆಟ’ದಿಂದ, ಕಲಿತಿದ್ದರು.

ನನ್ನ ಮಾತಿನ ತಿರುಳು ಇರುವುದು ಇಲ್ಲೇ. ಬೆಂಗಳೂರು, ಮೈಸೂರಿನವರು ಹಳೆಯ ಕನ್ನಡ ಸಿನಿಮಾವನ್ನು ಕಂಪನಿ ನಾಟಕದ ಮುಂದುವರಿಕೆಯಾಗಿ ನೋಡಿದರು. ಗುಬ್ಬಿ ಕಂಪನಿಯ ನೆರಳು ಆ ಚಿತ್ರಗಳ ಮೇಲೆ ಇದ್ದೇ ಇದೆ, 1954ರ ‘ಬೇಡರ ಕಣ್ಣಪ್ಪ’ದ ರಾಜಕುಮಾರರೇ ಆ ಕಂಪನಿಯಿಂದ ಬಂದವರು. ನಮ್ಮ ಸೀಮೆಯವರು ಅದೇ ಚಿತ್ರಗಳನ್ನು ಆಟದ ಕಿವಿಯಿಂದ ಕೇಳಿದರು. ಇಲ್ಲಿನ ಯಕ್ಷಗಾನವಾದ ತೆಂಕುತಿಟ್ಟಿನ ಅರ್ಥಗಾರಿಕೆ, ಅಂದರೆ ಅದರ ಮಾತುಗಾರಿಕೆ, ಗ್ರಂಥಸ್ಥ ಕನ್ನಡದಲ್ಲಿ ನಡೆಯುತ್ತದೆ. ಶಾಲೆಯ ಮುಖ ನೋಡದ, ಮನೆಯಲ್ಲಿ ತುಳು ಬಿಟ್ಟು ಬೇರೆ ಆಡದ ಮುದುಕಿಯೂ ಆ ಕನ್ನಡವನ್ನು ಸಲೀಸಾಗಿ ತಿಳಿಯುತ್ತಿದ್ದಳು. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾದಸರಣಿ ಕೇಳಿ ಪಳಗಿದ ಕಿವಿಗೆ 1965ರ ‘ಸತ್ಯ ಹರಿಶ್ಚಂದ್ರ’ದ ಸಂಭಾಷಣೆ ಏನು ಕಷ್ಟ? ಅದೇ ಮುದುಕಿಗೆ ಮೈಸೂರು ಕಡೆಯ ಆಡುಮಾತಿನ ಸಾಮಾಜಿಕ ಚಿತ್ರ ಹಿಡಿಯುತ್ತಿರಲಿಲ್ಲ. ‘ಕಣೋ’, ‘ಕಣೇ’ ಎಂಬ ಮಾತು ಮನೆಯೊಳಗೆ ಬಂದದ್ದೇ ಟಿವಿಯ ದಾರಿಯಲ್ಲಿ. ಮಕ್ಕಳ ಬಾಯಲ್ಲಿ ಅದು ಬಂದಾಗ ಹಿರಿಯರಿಗೆ ಕಸಿವಿಸಿಯಾಗುತ್ತಿತ್ತು.

‘ಬಭ್ರುವಾಹನ’ವನ್ನೇ ನೋಡಿ. 1977ರ ಚಿತ್ರ, ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನ, ಅರ್ಜುನನೂ ಬಭ್ರುವಾಹನನೂ ರಾಜಕುಮಾರರೇ. ಈ ಸೀಮೆಯಲ್ಲಿ ‘ಬಭ್ರುವಾಹನ ಕಾಳಗ’ ಪ್ರಸಂಗ ನೋಡದವರಿಲ್ಲ. ಆದ್ದರಿಂದ ಚಾವಡಿಯ ಪ್ರೇಕ್ಷಕನಿಗೆ ಮುಂದೇನು ಎಂಬ ಕುತೂಹಲ ಇರಲಿಲ್ಲ, ಹೇಗೆ ಮಾಡುತ್ತಾನೆ ನೋಡುವ ಎಂಬ ಕುತೂಹಲ ಇತ್ತು. ಅಪ್ಪ ಮಗ ಎದುರಾಗುವ ಮಾತಿನ ಕಾಳಗ ಬಂದಾಗ ಚಾವಡಿ ಎಚ್ಚರಾಗುತ್ತಿತ್ತು. ಮಗನ ಮಾತು ಮುಗಿದೊಡನೆ ಒಬ್ಬರು ತಲೆದೂಗುವರು, ಅಪ್ಪನ ಉತ್ತರ ಸಾಲದೆಂದು ಇನ್ನೊಬ್ಬರು ತಕರಾರು ಎತ್ತುವರು, ಮೇಳದ ಇಂಥ ವೇಷಧಾರಿ ಇಲ್ಲಿ ಬೇರೆ ಅರ್ಥ ಹೇಳಿದ್ದನೆಂದು ಮತ್ತೊಬ್ಬರು ನೆನೆಸುವರು. ಹಿಮ್ಮೇಳ ಇಲ್ಲದೆ ಹೀಗೆ ಹಾಡುತ್ತಾನಲ್ಲ ಎಂಬ ಮೆಚ್ಚುಗೆ ರಾಜಕುಮಾರರಿಗೆ ಸಲ್ಲುತ್ತಿತ್ತು. ಟಾಕೀಸಿನ ಕತ್ತಲೆಯಲ್ಲಿ ಇಂಥ ವಿಮರ್ಶೆಗೆ ಎಡೆಯಿಲ್ಲ, ಹಿಂದಿನವರು ಸುಮ್ಮನಿರಿ ಎನ್ನುತ್ತಾರೆ. ಮನೆಯಲ್ಲಿ ಸಿನಿಮಾದ ಜೊತೆಜೊತೆಗೇ, ವೇಷವಿಲ್ಲದೆ ಮಾತಿನಲ್ಲೇ ನಡೆಯುವ ಒಂದು ತಾಳಮದ್ದಳೆ ನಡೆಯುತ್ತಿತ್ತು. ಕನ್ನಡ ಪೌರಾಣಿಕ ಚಿತ್ರಗಳಿಗೆ ಇಷ್ಟು ಹುಷಾರಿನ ಪ್ರೇಕ್ಷಕರು ಬೇರೆಲ್ಲಿ ಸಿಕ್ಕಿದ್ದಾರೋ ನಾನು ಕಾಣೆ. ಕನ್ನಡ ಸಿನಿಮಾದ ಚರಿತ್ರೆ ಬರೆಯುವವರು ಇವರನ್ನು ಲೆಕ್ಕಕ್ಕೆ ತಂದುಕೊಳ್ಳಬೇಕು.

ಭಕ್ತಿಚಿತ್ರಗಳಿಗೂ ಇಂಥದೇ ಒಳಗಿನ ಪ್ರೇಕ್ಷಕರಿದ್ದರು. ರಾಜಕುಮಾರರು ರಾಘವೇಂದ್ರಸ್ವಾಮಿಗಳಾದ ‘ಮಂತ್ರಾಲಯ ಮಹಾತ್ಮೆ’ 1966ರದು. ಜಿ.ವಿ. ಅಯ್ಯರ್ 1983ರಲ್ಲಿ ಸಂಸ್ಕೃತದಲ್ಲೇ ‘ಆದಿ ಶಂಕರಾಚಾರ್ಯ’ ಮಾಡಿದರು, 1986ರಲ್ಲಿ ಕನ್ನಡದಲ್ಲಿ ‘ಮಧ್ವಾಚಾರ್ಯ’. ಸಂಸ್ಕೃತ ಪಾಠಶಾಲೆಯ ಪರಂಪರೆ ಇರುವ, ಮಾಧ್ವ ಯತಿಯೊಬ್ಬರು ಹುಟ್ಟಿದ ಊರಿಗೆ ಈ ಚಿತ್ರಗಳು ದೂರದವಲ್ಲ. ವಾದಿರಾಜರು, ರಾಘವೇಂದ್ರರು, ಮಧ್ವರು ಈ ಮನೆಗಳ ದೇವರಕೋಣೆಯಲ್ಲಿ ಪಟವಾಗಿ ಇದ್ದವರು. ಅವರ ಪಾತ್ರವನ್ನು ಟಿವಿಯಲ್ಲಿ ನೋಡುವಾಗ ಚಪ್ಪಲಿ ಹೊರಗೆ ಬಿಟ್ಟು, ಕಾಲು ಮಡಚಿ ಕೂರುವುದು ಸಹಜವಾಗಿತ್ತು. 1987ರ ಜನವರಿಯಲ್ಲಿ ‘ರಾಮಾಯಣ’ ಧಾರಾವಾಹಿ ಶುರುವಾಗುವ ಮೊದಲೇ ಈ ಶಿಸ್ತು ಚಾವಡಿಗೆ ಬಂದಿತ್ತು.

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಕನ್ನಡ ಕಾರ್ಯಕ್ರಮಗಳು ಉಪಗ್ರಹದ ಮೂಲಕ ಇಲ್ಲಿಗೂ ಸಲೀಸಾಗಿ ಬರತೊಡಗಿದವು. ಭಾನುವಾರ ಸಂಜೆ ನಾಲ್ಕರ ಕನ್ನಡ ಸಿನಿಮಾ ಒಂದು ವ್ರತದ ಹಾಗಾಯಿತು. ವಾರದ ನಡುವೆ ‘ಚಿತ್ರಮಂಜರಿ’ಯ ಹಾಡುಗಳು. ನಾಲ್ಕು ಗಂಟೆಯ ಒಳಗೆ ದನಕ್ಕೆ ಹುಲ್ಲು ಹಾಕಿ, ಕಾಫಿ ಕುಡಿದು, ಅಂಗಳದ ಅಡಿಕೆ ಬಾಚಿ ಬರಬೇಕು. ಪುಟ್ಟಣ್ಣ ಕಣಗಾಲರ ‘ಗೆಜ್ಜೆಪೂಜೆ’, ‘ಶರಪಂಜರ’, ‘ನಾಗರಹಾವು’ ಈ ಮನೆಗಳಿಗೆ ಬಂದದ್ದು ಈ ಹೊತ್ತಿನಲ್ಲಿ, ತೆರೆಕಂಡು ಇಪ್ಪತ್ತು ವರ್ಷ ಕಳೆದ ಮೇಲೆ. ಬಂದ ಅನುಕ್ರಮವೂ ಅಡಿಮೇಲು. ಎಂಬತ್ತರಲ್ಲಿ ಹುಟ್ಟಿದ ಮಗು ಮೊದಲು ನೋಡಿದ್ದು 1983ರ ‘ಕವಿರತ್ನ ಕಾಳಿದಾಸ’ದ ನಡುವಯಸ್ಸಿನ ರಾಜಕುಮಾರರನ್ನು, ‘ಬೇಡರ ಕಣ್ಣಪ್ಪ’ದ ಯುವಕ ಎಷ್ಟೋ ವರ್ಷದ ನಂತರ ಸಿಕ್ಕಿದ. ಕಾಲ ಹಿಂದಕ್ಕೆ ಹರಿದು ಒಬ್ಬ ನಟ ಚಿಕ್ಕವನಾಗುತ್ತ ಬರುವುದನ್ನು ನಮ್ಮ ತಲೆಮಾರು ಬೆರಗಿನಿಂದ ನೋಡಿತು.

1994ರ ಜೂನಿನಲ್ಲಿ ಉದಯ ಟಿವಿ ಬಂತು. ಪೇಟೆಗಳಿಗೆ ಅದು ಕೇಬಲ್ಲಿನಲ್ಲಿ ಬಂದರೆ ಇಲ್ಲಿಗೆ ಕೊಡೆಯಲ್ಲಿ ಬಂತು. ಕೊಡೆ ಎಂದರೆ ಡಿಶ್, ಎಂಟು ಹತ್ತು ಅಡಿ ಅಗಲದ, ಬಲೆಯಂಥ ದೊಡ್ಡ ಡಿಶ್. ಮನೆಗೊಂದು ಗುಡ್ಡ ಇರುವಲ್ಲಿ ಕೇಬಲ್ಲಿನವನಿಗೆ ಕಂಬವೂ ವಯರೂ ಅಸಲಾಗುವುದಿಲ್ಲ. ಅದಕ್ಕೇ ಪುತ್ತೂರು ಸುಳ್ಯದ ಒಳನಾಡಿನ ಅಡಿಕೆ ಬೆಳೆಗಾರರು ಬೇರೆ ಕಡೆಯ ಹಳ್ಳಿಗರಿಗಿಂತ ಮುಂಚೆ ಸ್ವಂತ ಡಿಶ್ ಹಾಕಿಸಿದರು. ಆ ದಶಕದ ಕೊನೆಗೆ ಅಡಿಕೆಗೆ ಒಳ್ಳೆಯ ಧಾರಣೆ ಬಂದಾಗ ತೋಟದ ನಡುವೆ, ಅಂಗಳದ ತುದಿಯಲ್ಲಿ, ಟೆರೇಸಿನ ಮೇಲೆ ಎಲ್ಲೆಲ್ಲೂ ಆಕಾಶಕ್ಕೆ ಮುಖ ಮಾಡಿದ ಡಿಶ್‌ಗಳು. ಗುಡ್ಡದ ನೆತ್ತಿ ಈಗ ಬೇಡ. ಉಪಗ್ರಹ ನೆತ್ತಿಯ ಮೇಲೆಯೇ ಇದೆ, ಗುಡ್ಡ ಅಡ್ಡ ಬರುವುದಿಲ್ಲ. ಆಂಟೆನಾ ತಿರುಗಿಸುತ್ತಿದ್ದ ಹುಡುಗರಿಗೆ ಕೆಲಸ ತಪ್ಪಿತು.

ಉದಯದಲ್ಲಿ ದಿನವೂ ಸಿನಿಮಾ. ಹಳೆಯ ಚಿತ್ರಗಳ ಉಪಗ್ರಹ ಹಕ್ಕುಗಳನ್ನು ಆ ವಾಹಿನಿ ರಾಶಿರಾಶಿಯಾಗಿ ಕೊಂಡಿತ್ತು. ಅದರ ಮಧ್ಯಾಹ್ನದ ಸಿನಿಮಾಕ್ಕೆ ನಮ್ಮ ಸೀಮೆಯಲ್ಲಿ ಒಂದು ವಿಶೇಷ ಪ್ರೇಕ್ಷಕವರ್ಗವಿತ್ತು: ಬೀಡಿ ಕಟ್ಟುವ ಹೆಂಗಸರು. ತೊಡೆಯ ಮೇಲೆ ತಡ್ಪೆ ಎಂಬ ಮೊರ, ಅದರಲ್ಲಿ ಹದವಾಗಿ ಕತ್ತರಿಸಿದ ಎಲೆ, ಹುಡಿ ಮಾಡಿದ ಹೊಗೆಸೊಪ್ಪು, ನೂಲಿನ ಉಂಡೆ. ಎಲೆ ಹಿಡಿದು, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ಬಾಯಿ ಮಡಚಿ, ನೂಲು ಬಿಗಿದು ತುಂಡು ಮಾಡುವ ಕೆಲಸವನ್ನು ಬೆರಳುಗಳು ತಾವೇ ಮಾಡುತ್ತವೆ, ಕಣ್ಣು ಬೇಕಿಲ್ಲ. ಕಣ್ಣು ತೆರೆಯ ಮೇಲೆ. ಒಂದು ಚಿತ್ರ ಮುಗಿಯುವ ಹೊತ್ತಿಗೆ ಇಷ್ಟು ಕಟ್ಟು ಎಂದು ಲೆಕ್ಕ ಇಟ್ಟುಕೊಂಡವರಿದ್ದರು. ಕಲ್ಪನಾ, ಜಯಂತಿ, ಆರತಿಯರ ಕಷ್ಟಗಳನ್ನು ಇವರು ನೋಡಿದ್ದು ಕೆಲಸದ ನಡುವೆ, ತಮ್ಮ ದುಡಿಮೆಯ ದುಡ್ಡಿನಲ್ಲಿ ಕಂತು ಕಟ್ಟಿ ತಂದ ಟಿವಿಯಲ್ಲಿ. ಅಡಿಕೆ ಸುಲಿಯುವ ಕಾಲದಲ್ಲೂ ಹೀಗೆಯೇ, ಮಣೆಗೆ ಸಿಕ್ಕಿಸಿದ ಕತ್ತಿಗೆ ಅಡಿಕೆ ಒತ್ತುವ ಕೈ ನಿಲ್ಲುವುದಿಲ್ಲ, ಸಿನಿಮಾವೂ ನಿಲ್ಲುವುದಿಲ್ಲ. ಗಮನವಿಟ್ಟು ನೋಡುವವರು ಸುಮ್ಮನೆ ಕೂತಿರಬೇಕೆಂಬ ಕಲ್ಪನೆ ಪೇಟೆಯದು. ದುಡಿಯುವ ಕೈಗಳ ಮೇಲೆ ಕೂತ ಕಣ್ಣು ಎಷ್ಟು ಚುರುಕೆಂದು ತಿಳಿಯಬೇಕಿದ್ದರೆ ಇವರಲ್ಲಿ ಒಬ್ಬರನ್ನು ‘ಶರಪಂಜರ’ದ ಬಗ್ಗೆ ಮಾತಾಡಿಸಿ ನೋಡಬೇಕು.

ಯಕ್ಷಗಾನದ ಟಿಕೆಟಿನ ಡೇರೆ ಮೇಳಗಳು ಇದೇ ಕಾಲದಲ್ಲಿ ಒಂದೊಂದಾಗಿ ನಿಂತವು. ಟಿವಿಯೊಂದೇ ಕಾರಣವಲ್ಲ, ಆದರೆ ಅದೂ ಒಂದು ಕಾರಣ ಎಂಬುದನ್ನು ಟಿವಿಯ ಉಪಕಾರ ಹೇಳುವವರು ಮರೆಯಬಾರದು. ಆಟ ಕಲಿಸಿದ ಕಿವಿ ಸಿನಿಮಾಕ್ಕೆ ಒದಗಿತು, ಸಿನಿಮಾ ಆಟದ ಪ್ರೇಕ್ಷಕರನ್ನು ಮನೆಯಲ್ಲೇ ಉಳಿಸಿತು.

2000ದ ಜುಲೈ 30ರಂದು ರಾಜಕುಮಾರರನ್ನು ವೀರಪ್ಪನ್ ಅಪಹರಿಸಿದ. ಬಿಡುಗಡೆಯಾದದ್ದು ನವೆಂಬರ್ 15ಕ್ಕೆ, 108 ದಿನ. ಆ ಮಳೆಗಾಲವಿಡೀ ಚಾವಡಿಯಲ್ಲಿ ವಾರ್ತೆ ಕೇಳುವುದು, ವಾರ್ತೆ ಮುಗಿದ ಮೇಲೆ ಅವರದೇ ಹಳೆಯ ಚಿತ್ರ ಬಂದರೆ ನೋಡುವುದು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗಲೂ, 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ಹೋದಾಗಲೂ ವಾಹಿನಿಗಳು ಹಳೆಯ ಚಿತ್ರಗಳನ್ನು ಸಾಲಾಗಿ ಹಾಕಿದವು. ಬೆಂಗಳೂರಿನ ಬೀದಿಗಳಿಂದ ಬಲುದೂರ ಇರುವವರಿಗೆ ಅಂತಿಮದರ್ಶನ ಎಂದರೆ ಅದೇ.

ಆಮೇಲಿನದು ಬೇಗ ನಡೆದುಹೋಯಿತು. 2004ರ ಕೊನೆಗೆ ದೂರದರ್ಶನದ ಉಚಿತ ಡಿಟಿಎಚ್ ಬಂತು, ಖಾಸಗಿ ಕಂಪನಿಗಳವೂ ಬಂದವು, ದೊಡ್ಡ ಕೊಡೆಯ ಜಾಗದಲ್ಲಿ ಗೋಡೆಗೆ ಅಂಟಿದ ಸಣ್ಣ ತಟ್ಟೆ. ಸಿನಿಮಾಕ್ಕೇ ಮೀಸಲಾದ ಕನ್ನಡ ವಾಹಿನಿಗಳು ಒಂದಕ್ಕೆ ನಾಲ್ಕಾದವು. 2020ರ ಮಾರ್ಚಿನ ಲಾಕ್‌ಡೌನಿನಲ್ಲಿ ದೂರದರ್ಶನ ‘ರಾಮಾಯಣ’ವನ್ನು ಮತ್ತೆ ಹಾಕಿದಾಗ, ಮೊದಲ ಸಲ ಅದನ್ನು ಅಂಗಳದಿಂದ ನೋಡಿದವರು ಈಗ ತಮ್ಮ ಮನೆಯ ಸೋಫಾದಲ್ಲಿ ಮೊಮ್ಮಕ್ಕಳ ಜೊತೆ ನೋಡಿದರು. 2022ರ ಮಾರ್ಚಿನ ಹೊತ್ತಿಗೆ ಪ್ರಸಾರ ಭಾರತಿ ತನ್ನ ಹಳೆಯ ಅನಲಾಗ್ ಮರುಪ್ರಸಾರ ಕೇಂದ್ರಗಳನ್ನು, ಗಡಿಭಾಗದಂಥ ಕಡೆಯ ಕೆಲವನ್ನು ಬಿಟ್ಟು, ಮುಚ್ಚಿತು. ಮೀನಿನ ಮುಳ್ಳಿನ ಆಂಟೆನಾ ಯಾರ ಮನೆಯಲ್ಲಾದರೂ ಉಳಿದಿದ್ದರೆ ಅದಕ್ಕೆ ಹಿಡಿಯಲು ಈಗ ಏನೂ ಇಲ್ಲ.

ಒಂದು ಮಾತನ್ನು ಹೇಳದೆ ಮುಗಿಸಲು ಮನಸ್ಸು ಬರುವುದಿಲ್ಲ. ‘ಸತಿ ಸುಲೋಚನ’ದ ಪ್ರತಿ ಇಂದು ಎಲ್ಲೂ ಉಳಿದಿಲ್ಲ. ಕನ್ನಡದ ಮೊದಲ ವಾಕ್ಚಿತ್ರವನ್ನು ಈಗ ಯಾರೂ ನೋಡುವ ಹಾಗಿಲ್ಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ 1964ರಲ್ಲಿ ಶುರುವಾಗುವ ಮೊದಲೇ ನಮ್ಮ ಎಷ್ಟೋ ಚಿತ್ರಗಳು ಹಾಳಾಗಿದ್ದವು. ‘ಸತ್ಯ ಹರಿಶ್ಚಂದ್ರ’ಕ್ಕೆ 2008ರಲ್ಲಿ ಬಣ್ಣ ಹಾಕಿದರು, ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ. ಹಣ ಹಾಕಿದರೆ ಮರಳಿ ಬರುತ್ತದೆಂಬ ಧೈರ್ಯ ಇದ್ದ ಚಿತ್ರಗಳಿಗೆ ಆ ಭಾಗ್ಯ. ಉಳಿದವಕ್ಕೆ ವಾಹಿನಿಗಳ ಉಗ್ರಾಣವೇ ಗತಿ: ಬದಿ ಕತ್ತರಿಸಿದ್ದು, ಹಾಡು ಹಾರಿಸಿದ್ದು, ಮೂಲೆಯಲ್ಲಿ ಮುದ್ರೆ ಒತ್ತಿದ್ದು, ಆದರೂ ಇದೆ ಎನ್ನುವಷ್ಟು ಇದೆ. ಅವುಗಳೇ ಈಗ ಯೂಟ್ಯೂಬಿಗೆ ಬಂದು ಬೀಡಿಯ ತಡ್ಪೆಯ ಪಕ್ಕದ ಮೊಬೈಲಿನಲ್ಲಿ ಓಡುತ್ತಿವೆ. ತುಳು ಚಿತ್ರಗಳಿಗೆ ಈ ಉಗ್ರಾಣವೂ ಸರಿಯಾಗಿ ಸಿಗಲಿಲ್ಲ. ದೂರದರ್ಶನದ ಭಾಷೆಗಳ ಸರದಿಯಲ್ಲಿ ಕನ್ನಡಕ್ಕೆ ಕಾದವರು ಕಡೆಗೆ ಕನ್ನಡ ಕಂಡರು. ತಮ್ಮ ಮನೆಮಾತಿನ ಚಿತ್ರವನ್ನು ಕಾಣಲು ಅವರು ಅದಕ್ಕಿಂತ ಬಹಳ ಹೆಚ್ಚು ಕಾಯಬೇಕಾಯಿತು. ‘ಎನ್ನ ತಂಗಡಿ’, ‘ಕೋಟಿ ಚೆನ್ನಯ’ಗಳನ್ನು 1971ರಲ್ಲಿ, 1973ರಲ್ಲಿ ಟಾಕೀಸಿನಲ್ಲಿ ನೋಡಿದವರು ಈಗ ಎಪ್ಪತ್ತು ದಾಟಿದ್ದಾರೆ, ರಾಮಕುಂಜದ ಆಸುಪಾಸಿನಲ್ಲಿ ಇನ್ನೂ ಸಿಗುತ್ತಾರೆ. ಅವರನ್ನು ಕೂರಿಸಿ ನೆನಪು ಕೇಳಿ ದಾಖಲಿಸುವ ಕೆಲಸವನ್ನು ತುಳು ಅಕಾಡೆಮಿಯೋ ಇಲ್ಲಿನ ಕಾಲೇಜುಗಳೋ ಈ ಬೇಸಿಗೆಯಲ್ಲೇ ಶುರುಮಾಡಬಹುದು.